ಫಾರಂ ಇನ್‌ಪುಟ್ ಕ್ಲೀನ್ ಮಾಡೋದು: ಕೋಡ್ ಚೆಕ್ಕರ್ ನೋಡೋದೆಷ್ಟು, ನಾವು ನೋಡಬೇಕಾದ್ದೆಷ್ಟು

ವರ್ಡ್‌ಪ್ರೆಸ್ ಪ್ಲಗಿನ್ ಬರೆಯಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಮಂಡ್ಯ ಕಡೆಯ ಕಬ್ಬು ಬೆಳೆಗಾರರಿಗೆ ಒಂದು ಫಾರಂ ಮಾಡುತ್ತಿದ್ದೀರಿ ಅಂದುಕೊಳ್ಳಿ. ಹೆಸರು, ವಿಳಾಸ, ಎಕರೆ, ಗುಂಟೆ, ಇಷ್ಟೇ. ಪೋಸ್ಟ್‌ನಲ್ಲಿ, ಅಂದರೆ ಫಾರಂ ಕಳಿಸಿದಾಗ ಬಂದದ್ದನ್ನು ಹಾಗೇ ತೆಗೆದುಕೊಂಡರೆ, ವರ್ಡ್‌ಪ್ರೆಸ್ ನಿಯಮಗಳನ್ನು ಹಾಕಿಕೊಂಡ ಪಿಎಚ್‌ಪಿ ಕೋಡ್‌ಸ್ನಿಫರ್ ಅನ್ನುವ ಕೋಡ್ ಚೆಕ್ಕರ್ ಮೂರು ದೂರು ಹೇಳುತ್ತದೆ: ಆ ಫೀಲ್ಡ್ ಬಂದಿದೆಯಾ ಅಂತ ನೋಡಿಲ್ಲ, ಸ್ಲ್ಯಾಶ್ ತೆಗೆದಿಲ್ಲ, ಸ್ಯಾನಿಟೈಸ್ ಮಾಡಿಲ್ಲ, ಅಂದರೆ ಬೇಡದ್ದನ್ನು ತೆಗೆದು ಕ್ಲೀನ್ ಮಾಡಿಲ್ಲ. ನಾನ್ಸ್ ಪರೀಕ್ಷೆ (ಫಾರಂ ನಮ್ಮ ಸೈಟಿನಿಂದಲೇ ಬಂತಾ ಅಂತ ಒಂದು ಗುರುತಿನಿಂದ ನೋಡುವುದು) ಬಿಟ್ಟಿದ್ದರೆ ಅದಕ್ಕೆ ಬೇರೆ ದೂರು.

ಮಾಡಬೇಕಾದ ಕ್ರಮವೂ ಅದೇ. ಮೊದಲು ಇಸ್‌ಸೆಟ್ (ಫೀಲ್ಡ್ ಬಂದಿದೆಯಾ ನೋಡುವುದು), ಆಮೇಲೆ ಅನ್‌ಸ್ಲ್ಯಾಶ್ (ಸ್ಲ್ಯಾಶ್ ತೆಗೆಯುವುದು), ಕೊನೆಗೆ ಸ್ಯಾನಿಟೈಸ್. ಸ್ಲ್ಯಾಶ್ ಎಲ್ಲಿಂದ ಬಂತು ಅಂತ ತುಂಬಾ ಜನ ಕೇಳುತ್ತಾರೆ. ಕೋಟ್ ಚಿಹ್ನೆಗಳ ಮುಂದೆ ತಾನಾಗಿ ಬ್ಯಾಕ್‌ಸ್ಲ್ಯಾಶ್ ಸೇರಿಸುತ್ತಿದ್ದ ಮ್ಯಾಜಿಕ್ ಕೋಟ್ಸ್ ಪಿಎಚ್‌ಪಿ 5.4ರಲ್ಲೇ ಹೋಯಿತು, ಆದರೆ ಹಳೆಯ ಕೋಡ್ ಕೆಡಬಾರದು ಅಂತ ವರ್ಡ್‌ಪ್ರೆಸ್ ಇವತ್ತಿಗೂ ತಾನೇ ಸ್ಲ್ಯಾಶ್ ಸೇರಿಸುತ್ತದೆ, ಹಾಗಾಗಿ ತೆಗೆಯದಿದ್ದರೆ ಡಿ'ಸೋಜಾ ಅನ್ನುವ ಹೆಸರಿನ ನಡುವೆ ಅದು ಉಳಿದುಬಿಡುತ್ತದೆ.

ಇನ್ನು ಮುಖ್ಯವಾದದ್ದು. ತನಗೆ ಗೊತ್ತಿರುವ ಯಾವ ಸ್ಯಾನಿಟೈಸ್ ಫಂಕ್ಷನ್ ಹಾಕಿದರೂ ಚೆಕ್ಕರ್ ಸುಮ್ಮನಾಗುತ್ತದೆ, ಆ ಫೀಲ್ಡಿಗೆ ಅದು ಸರಿಯಾ ಅಂತ ಅದಕ್ಕೆ ಗೊತ್ತಾಗಲ್ಲ. ಹೆಸರಿಗೆ ಸ್ಯಾನಿಟೈಸ್ ಟೆಕ್ಸ್ಟ್ ಫೀಲ್ಡ್ ಸಾಕು. ಅದನ್ನೇ ವಿಳಾಸಕ್ಕೆ ಹಾಕಿದರೆ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅಲ್ಲಿ ಟೆಕ್ಸ್ಟ್‌ಏರಿಯಾಗೆ ಇರುವ ಬೇರೆ ಫಂಕ್ಷನ್ನೇ ಬೇಕು. ಸ್ಯಾನಿಟೈಸ್ ಕೀ ಅಂತೂ ಇಂಗ್ಲಿಷ್ ದೊಡ್ಡಕ್ಷರವನ್ನು ಸಣ್ಣದು ಮಾಡಿ, ಇಂಗ್ಲಿಷ್ ಸಣ್ಣಕ್ಷರ, ಅಂಕಿ, ಡ್ಯಾಶ್, ಅಂಡರ್‌ಸ್ಕೋರ್ ಬಿಟ್ಟು ಮಿಕ್ಕಿದ್ದನ್ನೆಲ್ಲ ಅಳಿಸುತ್ತದೆ. ಅಂದರೆ ಕನ್ನಡದಲ್ಲಿ ಬರೆದ ಊರಿನ ಹೆಸರು ಪೂರ್ತಿ ಖಾಲಿ! ನಮ್ಮ ಜನ ಕನ್ನಡದಲ್ಲೇ ತುಂಬುವ ಫಾರಂಗೆ ಇದು ದೊಡ್ಡ ಅನ್ಯಾಯ ಅಲ್ವಾ?

ಎಕರೆಗೆ ಆಬ್ಸಿಂಟ್ (ಋಣ ಚಿಹ್ನೆ ತೆಗೆದು ಪೂರ್ಣಾಂಕ ಮಾಡುವ ಫಂಕ್ಷನ್) ಹಾಕಿದರೆ 2.5 ಹೋಗಿ 2 ಆಗುತ್ತದೆ, -5 ಹೋಗಿ 5 ಆಗುತ್ತದೆ. ತಪ್ಪು ಅಂಕಿ ಸದ್ದಿಲ್ಲದೆ ಸರಿಯಾದ ಅಂಕಿಯ ಹಾಗೆ ಒಳಗೆ ಹೋಗುತ್ತದೆ. ಅದಕ್ಕೇ ಎಕರೆ, ಗುಂಟೆ ಬೇರೆ ಬೇರೆ ಕೇಳಿ. ಗುಂಟೆ 0ಯಿಂದ 39ರೊಳಗೆ ಇದೆಯಾ ನೋಡಿ, ಇಲ್ಲದಿದ್ದರೆ ವಾಪಸ್ ಕಳಿಸಿ. ತಿದ್ದುವುದಕ್ಕಿಂತ ಮತ್ತೆ ಕೇಳುವುದು ಮೇಲು.

ಉದ್ದದ ಮಿತಿಯನ್ನು ಬೈಟ್ ಬದಲು ಸಂಕೇತಗಳನ್ನು ಎಣಿಸುವ ಎಂಬಿ ಸ್ಟ್ರಿಂಗ್ ಲೆಂಗ್ತ್‌ನಿಂದಲೇ ಅಳೆಯಿರಿ. ‘ಮೈಸೂರು’ ಯೂನಿಕೋಡ್‌ನಲ್ಲಿ 6 ಸಂಕೇತ, ಯುಟಿಎಫ್-8ರಲ್ಲಿ 18 ಬೈಟ್, ಮಾಮೂಲಿ ಸ್ಟ್ರಿಂಗ್ ಲೆಂಗ್ತ್ ಹೇಳೋದು 18.

ನಿಮ್ಮದೇ ಫಂಕ್ಷನ್ ಬರೆದಿದ್ದರೆ ಚೆಕ್ಕರ್‌ಗೆ ಅದರ ಪರಿಚಯ ಇರಲ್ಲ. ಈ ಸಾಲನ್ನು ಬಿಟ್ಟುಬಿಡು ಅಂತ ಚೆಕ್ಕರ್‌ಗೆ ಹೇಳುವ ಇಗ್ನೋರ್ ಕಾಮೆಂಟನ್ನು ಸಾಲುಸಾಲಿಗೂ ಹಾಕಬೇಡಿ. ಚೆಕ್ಕರ್‌ನ ನಿಯಮಗಳಿರುವ ರೂಲ್‌ಸೆಟ್ ಫೈಲಿನಲ್ಲಿ ಕಸ್ಟಮ್ ಸ್ಯಾನಿಟೈಸಿಂಗ್ ಫಂಕ್ಷನ್ಸ್ ಅನ್ನುವ ಜಾಗದಲ್ಲಿ ಅದರ ಹೆಸರು ಒಮ್ಮೆ ಸೇರಿಸಿದರೆ ಸಾಕು.