ಅರೆತಲೆನೋವಿಗೆ ವಿಡಿಯೊ ಕಾಲ್ ಸಾಕಾ?

ನನ್ನ ಅಕ್ಕನ ಮಗಳು ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುತ್ತಾಳೆ. ಅರೆತಲೆನೋವು ಬಂತೆಂದರೆ ಪರದೆ ಎಳೆದು, ಮೊಬೈಲ್ ಬೋರಲು ಹಾಕಿ ಮಲಗಿಬಿಡುತ್ತಾಳೆ. ಧಾರವಾಡದಿಂದ ಬಂದ ನಮ್ಮಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಆಫೀಸಿನ ಗೆಳತಿ ಎಮ್‌ಆರ್‌ಐ ಮಾಡಿಸು ಅಂದಳು. ನನಗೆ ಎರಡೂ ಒಂದೇ ಜಾತಿಯ ಸಲಹೆ ಅನ್ನಿಸಿತು!

ಅರೆತಲೆನೋವು, ಅಂದರೆ ಮೈಗ್ರೇನ್, ಸ್ಕ್ಯಾನಿನಲ್ಲಿ ಸಿಗುವ ಗಡ್ಡೆಯಲ್ಲ. ಡಾಕ್ಟರು ಅದನ್ನು ಹಿಡಿಯುವುದು ಬಹುಪಾಲು ಮಾತಿನಿಂದಲೇ. ಎಷ್ಟು ಹೊತ್ತು ಇರುತ್ತದೆ (ಮದ್ದು ತಗೊಳ್ಳದಿದ್ದರೆ 4ರಿಂದ 72 ಗಂಟೆ), ವಾಕರಿಕೆ ಬರುತ್ತದಾ, ಬೆಳಕು ಚುಚ್ಚುತ್ತದಾ, ಮೆಟ್ಟಿಲು ಹತ್ತಿದರೆ ಜಾಸ್ತಿ ಆಗುತ್ತದಾ. ಇದಕ್ಕೆ ವಿಡಿಯೊ ಕಾಲ್ ಧಾರಾಳ ಸಾಕು. 2020ರ ಮಾರ್ಚಿನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಹೀಗೆ ನೋಡಿ ಔಷಧಿ ಬರೆಯಲು ಸರ್ಕಾರದ ಒಪ್ಪಿಗೆಯೂ ಇದೆ.

ಅಷ್ಟೇ ಅಲ್ಲ, ತಲೆಯೊಳಗೆ ಏನು ನಡೆಯುತ್ತದೆ ಅನ್ನುವ ಸುಳಿವು ಸಿಕ್ಕಿದ್ದೂ ಒಬ್ಬ ರೋಗಿಯ ಟಿಪ್ಪಣಿಯಿಂದಲೇ. ಕೆಲವರಿಗೆ ನೋವಿಗೆ ಮುಂಚೆ ಕಣ್ಣೆದುರು ಅಂಕುಡೊಂಕು ಮಿಂಚು ಹರಿದಾಡುತ್ತದಲ್ಲ, ಅಮೆರಿಕದ ವಿಜ್ಞಾನಿ ಕಾರ್ಲ್ ಲ್ಯಾಶ್ಲಿ ತನಗೆ ಕಂಡದ್ದನ್ನೇ ಸಮಯ ನೋಡಿಕೊಂಡು ಚಿತ್ರ ಬರೆದ, ಮಿದುಳಿನ ಮೇಲೆ ಏನೋ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತಿದೆ ಅಂತ 1941ರಲ್ಲಿ ಲೆಕ್ಕ ಹಾಕಿದ. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡೀಸ್ ಲಿಯಾವೊ ಮೊಲದ ಮಿದುಳಿನಲ್ಲಿ ಅಂಥದ್ದೇ ನಿಧಾನದ ಅಲೆ ಕಂಡ. ಪುಣೆಯ ಗಹುಂಜೆ ಕ್ರಿಕೆಟ್ ಸ್ಟೇಡಿಯಮ್ಮಿನಲ್ಲಿ ಜನ ಸಾಲಾಗಿ ಎದ್ದು ಕೂರುತ್ತಾರಲ್ಲ, ಹಾಗೆ. ಆದರೆ ಇಲ್ಲಿ ಒಮ್ಮೆ ಎದ್ದು ಕೂತ ನರಕೋಶಗಳು ಸುಸ್ತಾಗಿ ಸ್ವಲ್ಪ ಹೊತ್ತು ಮೇಲೇಳುವುದೇ ಇಲ್ಲ. ಅಥವಾ ಒಣಹುಲ್ಲಿನ ಬೆಂಕಿ ಅನ್ನಿ: ಮುಂದೆ ಉರಿ, ಹಿಂದೆ ಬೂದಿ. ಮಿಂಚು ಸರಿದ ಜಾಗ ಮಂಕಾಗುವುದು ಅದಕ್ಕೇ.

ನಮ್ಮ ಹುಡುಗಿಯ ಡಾಕ್ಟರು ಕೇಳಿದ್ದೂ ಟಿಪ್ಪಣಿಯನ್ನೇ. ನೋವಿದ್ದ ದಿನಕ್ಕೆ ಕೆಂಪು ಚುಕ್ಕೆ, ಮಾತ್ರೆ ನುಂಗಿದ ದಿನಕ್ಕೆ ನೀಲಿ. ಎರಡನೇ ಕಾಲ್‌ನಲ್ಲಿ ಕ್ಯಾಲೆಂಡರನ್ನೇ ಕ್ಯಾಮೆರಾಗೆ ಹಿಡಿದಳು. ನೀಲಿ 17! ಮಾಮೂಲಿ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ, ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಥರದ್ದನ್ನು 10 ದಿನ ಅಥವಾ ಅದಕ್ಕೂ ಜಾಸ್ತಿ, ಹೀಗೆ ಮೂರು ತಿಂಗಳು ದಾಟಿಸಿದರೆ ಮಾತ್ರೆಯೇ ತಲೆನೋವು ತರಿಸಬಹುದು. ಮಾತ್ರೆ ಹೇಗೆ ಇಳಿಸಬೇಕು ಅನ್ನುವುದನ್ನು ಡಾಕ್ಟರೇ ಹೇಳಿದರು.

ಸಿಡಿಲು ಬಡಿದ ಹಾಗೆ ಒಮ್ಮೆಲೇ ನೋವು ಬಂದರೆ, ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಕಾಲ್ ಗೀಲ್ ಬೇಡ, ನೇರ ಆಸ್ಪತ್ರೆಗೆ ಹೋಗಿ. ಸ್ಕ್ಯಾನ್ ಬೇಕಾಗುವುದು ಆಗ.

ಈ ತಿಂಗಳು ನೀಲಿ ಚುಕ್ಕೆ ಆರಕ್ಕೆ ಇಳಿದಿದೆ. ದೃಷ್ಟಿ ತೆಗೆದ ದಿನಕ್ಕೂ ಒಂದು ಚುಕ್ಕೆ ಹಾಕೇ ಅಂತ ಅಮ್ಮ ಪಟ್ಟು ಹಿಡಿದಿದ್ದರು. ಹಾಕಿದ್ದಾಳೆ, ಹಸಿರು. ಅದರ ಮರುದಿನವೇ ಕೆಂಪು ಇದೆ, ಅಮ್ಮನಿಗೆ ಇನ್ನೂ ತೋರಿಸಿಲ್ಲ.