ಮರಿಯಾ ಅಲ್ಲ, ತತ್ಯಾನಾ

ಸೈಬೀರಿಯಾದ ಲೇನಾ ನದಿ ಸಾವಿರಾರು ಕಿಲೋಮೀಟರ್ ಹರಿದು ಕೊನೆಗೆ ಸೇರುವುದು ಲ್ಯಾಪ್ಟೆವ್ ಸಮುದ್ರವನ್ನು. ಪಶ್ಚಿಮಕ್ಕೆ ತೈಮಿರ್ ಪರ್ಯಾಯ ದ್ವೀಪ, ಪೂರ್ವಕ್ಕೆ ನ್ಯೂ ಸೈಬೀರಿಯನ್ ದ್ವೀಪಗಳು. ವರ್ಷದ ಬಹುಪಾಲು ಮಂಜುಗಡ್ಡೆಯೇ. ಅರ್ಧಕ್ಕಿಂತ ಜಾಸ್ತಿ ಭಾಗದಲ್ಲಿ 50 ಮೀಟರ್ ಆಳವೂ ಇಲ್ಲ.

ಚಳಿಗಾಲದಲ್ಲಿ ನೆಲದ ಕಡೆಯಿಂದ ಬೀಸುವ ಗಾಳಿ ಮಂಜುಗಡ್ಡೆಯನ್ನು ಉತ್ತರಕ್ಕೆ ತಳ್ಳುತ್ತದೆ. ಹಿಂದೆ ಬರೀ ನೀರು ಉಳಿಯುತ್ತದೆ. ಆ ಚಳಿಗೆ ಅದೂ ಹೆಪ್ಪುಗಟ್ಟುತ್ತದೆ, ಗಾಳಿ ಅದನ್ನೂ ತಳ್ಳುತ್ತದೆ. ತಿಂಗಳುಗಟ್ಟಲೆ ಇದೇ ಕೆಲಸ. ಇಲ್ಲಿ ಹುಟ್ಟಿದ ಮಂಜುಗಡ್ಡೆ ಆರ್ಕ್ಟಿಕ್ ಸಾಗರವನ್ನೇ ದಾಟಿ ಗ್ರೀನ್‌ಲ್ಯಾಂಡ್ ಕಡೆಗೆ ತೇಲುತ್ತದೆ. 1881ರಲ್ಲಿ ನ್ಯೂ ಸೈಬೀರಿಯನ್ ದ್ವೀಪಗಳ ಉತ್ತರಕ್ಕೆ ಮಂಜುಗಡ್ಡೆ ಜೀನೆಟ್ ಎಂಬ ಅಮೆರಿಕದ ಹಡಗನ್ನು ನುಚ್ಚುನೂರು ಮಾಡಿತು. ಮೂರು ವರ್ಷದ ನಂತರ ಅದರ ಸಾಮಾನು ಸಿಕ್ಕಿದ್ದು ಗ್ರೀನ್‌ಲ್ಯಾಂಡಿನ ನೈಋತ್ಯ ತೀರದಲ್ಲಿ! ಅದನ್ನೇ ನಂಬಿ ನಾರ್ವೆಯ ಅನ್ವೇಷಕ ನಾನ್ಸೆನ್ 1893ರಲ್ಲಿ ತಮ್ಮ ಫ್ರಾಮ್ ಹಡಗನ್ನು ಬೇಕೆಂದೇ ಈ ಮಂಜುಗಡ್ಡೆಗೆ ಸಿಕ್ಕಿಸಿದರು. 1896ರಲ್ಲಿ ಹಡಗು ಆಚೆ ಬದಿಯಲ್ಲಿ ಹೊರಬಂತು.

ಇಂಥ ಸಮುದ್ರಕ್ಕೆ ಈಗಿನ ಹೆಸರು ಬಂದದ್ದು ಮಾತ್ರ 1935ರಲ್ಲಿ. ಮೊದಲು ಸ್ವೀಡನ್ನಿನ ಅನ್ವೇಷಕ ನೂರ್ಡೆನ್‌ಶೆಲ್ಡ್ ಹೆಸರಿತ್ತು. ಆಮೇಲೆ ರಷ್ಯನ್ನರು ದ್ಮಿತ್ರಿ ಮತ್ತು ಖರಿತೋನ್ ಲ್ಯಾಪ್ಟೆವ್ ಎಂಬ ದಾಯಾದಿ ಸೋದರರ ಹೆಸರಿಟ್ಟರು. 18ನೇ ಶತಮಾನದಲ್ಲಿ ಈ ತೀರದ ನಕ್ಷೆ ಬರೆದವರಲ್ಲಿ ಇವರಿಬ್ಬರೂ ಇದ್ದರು. ಸರಿಯಾದ ಹೆಸರೇ.

ಆದರೆ ಖರಿತೋನ್‌ಗಿಂತ ಮುಂಚೆ ಇದೇ ಕೆಲಸಕ್ಕೆ ಹೋದವರು ವಸಿಲಿ ಪ್ರೊಂಚಿಶ್ಚೆವ್. ಜೊತೆಯಲ್ಲಿ ಹೆಂಡತಿಯೂ ಇದ್ದರು. 1736ರಲ್ಲಿ ಅವರ ಹಡಗು 77 ಡಿಗ್ರಿ ಅಕ್ಷಾಂಶ ದಾಟಿ, ಮಂಜುಗಡ್ಡೆ ಅಡ್ಡಗಟ್ಟಿ ವಾಪಸ್ ತಿರುಗಿತು. ವಸಿಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಹೆಂಡತಿಯೂ ಹೋದರು. ಒಲೆನ್ಯೋಕ್ ನದಿಯ ಮುಖದ ಬಳಿ ಇಬ್ಬರನ್ನೂ ಒಟ್ಟಿಗೆ ಮಣ್ಣು ಮಾಡಿದರು. ಸಿ ವಿಟಮಿನ್ ಕೊರತೆಯಿಂದ ಬರುವ ಸ್ಕರ್ವಿ ಕಾಯಿಲೆಯೇ ವಸಿಲಿಯ ಜೀವ ತೆಗೆಯಿತು ಎಂದು ಎಲ್ಲರೂ ನಂಬಿದ್ದರು. 1999ರಲ್ಲಿ ಸಮಾಧಿ ಅಗೆದು ನೋಡಿದಾಗ ಅವರ ಕಾಲಿನ ಮೂಳೆ ಮುರಿದಿರುವುದು ಕಂಡಿತು.

ತೈಮಿರ್ ತೀರದ ಒಂದು ಕೊಲ್ಲಿಗೆ ಆ ಹೆಂಗಸಿನ ಹೆಸರಿಟ್ಟರು: ಮರಿಯಾ ಪ್ರೊಂಚಿಶ್ಚೆವಾ ಕೊಲ್ಲಿ. 1980ರ ದಶಕದಲ್ಲಿ ಹಳೆಯ ಕಡತಗಳನ್ನು ತೆಗೆದು ನೋಡಿದರೆ, ಅವರ ಹೆಸರು ಮರಿಯಾ ಅಲ್ಲವೇ ಅಲ್ಲ. ತತ್ಯಾನಾ. ಆರ್ಕ್ಟಿಕ್ ಸಮುದ್ರಯಾನಕ್ಕೆ ಹೋದ ಮೊದಲ ಹೆಂಗಸರಲ್ಲಿ ಒಬ್ಬರು. ಹೆಸರಾದರೂ ಸರಿ ಇರಬೇಕಿತ್ತು, ಅಲ್ವಾ? ನಕ್ಷೆಗಳಲ್ಲಿ ಇಂದಿಗೂ ಆ ಕೊಲ್ಲಿ ಮರಿಯಾಳದ್ದೇ.