ಒಣ ಬೀಜಕ್ಕೆ ಚಳಿಗಾಲ ಗೊತ್ತಾಗುವುದಿಲ್ಲ

ಸೇಬಿನಂಥ ಕೆಲವು ಬೀಜ ಚಳಿಗಾಲ ಕಳೆದ ಮೇಲೆಯೇ ಮೊಳೆಯುತ್ತವೆ. ಅದಕ್ಕೇ ಬೀಜದ ಪೊಟ್ಟಣವನ್ನು ಹಾಗೇ ಫ್ರೀಜರಿಗೆ ಹಾಕಿ, ಎರಡು ತಿಂಗಳು ಬಿಟ್ಟು ಬಿತ್ತಿ, ಒಂದೂ ಹುಟ್ಟಲಿಲ್ಲ ಅಂತ ಬೇಸರ ಮಾಡಿಕೊಂಡವರು ತುಂಬಾ ಜನ. ಸೇಬಿನ ಬೀಜಕ್ಕೆ ನಾನೂ ಹೀಗೇ ಮಾಡಿದ್ದೆ. ಚಳಿ ಕೊಟ್ಟರೆ ಸಾಕು ಅಂದುಕೊಂಡಿದ್ದೆ. ಸಾಲದು. ಬೀಜ ಮೊದಲು ನೀರು ಕುಡಿದಿರಬೇಕು. ಒಣ ಬೀಜದೊಳಗೆ ಹೆಚ್ಚುಕಡಿಮೆ ಎಲ್ಲ ಕೆಲಸವೂ ನಿಂತಿರುತ್ತದೆ. ಅದನ್ನು ತಣ್ಣಗಿಟ್ಟರೆ ಇನ್ನಷ್ಟು ದಿನ ಕೆಡದೆ ಉಳಿಯುತ್ತದೆ, ಅಷ್ಟೇ.

ಚಳಿಗೆ ಸಿಪ್ಪೆ ಬಿರಿದು ಮೊಳಕೆ ಬರುತ್ತದೆ ಅನ್ನುವವರಿದ್ದಾರೆ. ಸೇಬಿನಲ್ಲಿ ಮುಖ್ಯವಾದ ಕೆಲಸ ನಡೆಯುವುದು ಒಳಗೆ. ಅಬ್ಸಿಸಿಕ್ ಆಮ್ಲ ಅನ್ನುವ ಹಾರ್ಮೋನು ಮೊಳಕೆಯನ್ನು ತಡೆದು ಹಿಡಿದಿರುತ್ತದೆ, ಜಿಬ್ಬರೆಲಿನ್ ಅನ್ನುವ ಇನ್ನೊಂದು ಹಾರ್ಮೋನು ಅದನ್ನು ಹೊರಗೆ ತಳ್ಳುತ್ತದೆ. ಒಂದೇ ಬಾಗಿಲನ್ನು ಇಬ್ಬರು ಆ ಕಡೆ ಈ ಕಡೆಯಿಂದ ಒತ್ತಿ ಹಿಡಿದ ಹಾಗೆ. ಒದ್ದೆಯಾಗಿ ತಣ್ಣಗಿರುವ ಬೀಜದಲ್ಲಿ ವಾರ ಕಳೆದಂತೆ ಹೊರಗಿನವನ ಕೈ ಸೋಲುತ್ತದೆ, ಒಳಗಿನವನಿಗೆ ಬಲ ಬರುತ್ತದೆ. ಅಥವಾ ಆ ತಡೆಯನ್ನು ತೂತು ಬಿದ್ದ ಕೊಡದ ನೀರು ಅಂದುಕೊಳ್ಳಿ: ಒಂದು ದಿನದ ಚಳಿಗೆ ನಾಲ್ಕು ಹನಿ ಸೋರುತ್ತದೆ, ಖಾಲಿಯಾಗಲು ಇಡೀ ಚಳಿಗಾಲ ಬೇಕು, ನಡುವೆ ಸೆಖೆ ಜಾಸ್ತಿಯಾದರೆ ಕೊಡ ಮತ್ತೆ ತುಂಬಿಕೊಳ್ಳುವುದೂ ಉಂಟು. ಹಾಗಾಗಿಯೇ ನಾಲ್ಕು ತಣ್ಣನೆ ದಿನ ಬಂದು ಹೋದ ಮಾತ್ರಕ್ಕೆ ಬೀಜ ಮೋಸಹೋಗುವುದಿಲ್ಲ. ಅವಸರಪಟ್ಟು ಮೊಳೆತರೆ ಎಳೆ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ, ಅಲ್ವಾ? ಮಿದುಳೇ ಇಲ್ಲದ ಇಷ್ಟು ಚಿಕ್ಕ ಬೀಜ ಚಳಿಯ ದಿನಗಳ ಲೆಕ್ಕ ಇಡುತ್ತದಲ್ಲ, ನನಗೆ ಇವತ್ತಿಗೂ ಬೆರಗು.

ಬೀಜ ಮೊಳೆಯಲಿ ಅಂತ ಕೊಡುವ ಈ ಚಳಿಯನ್ನು ವರ್ನಲೈಸೇಶನ್ ಜೊತೆ ಬೆರೆಸಬೇಡಿ. ಅದು ಗಿಡ ಹೂ ಬಿಡಲಿ ಅಂತ ಕೊಡುವ ಚಳಿ. 1930ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕೃಷಿ ವಿಜ್ಞಾನಿ ಟ್ರೋಫಿಮ್ ಲೈಸೆಂಕೊ ಅದನ್ನೇ ಹಿಡಿದುಕೊಂಡು, ಗೋಧಿಗೆ ಚಳಿ ಕಲಿಸಿದ ಗುಣ ಮುಂದಿನ ಪೀಳಿಗೆಗೂ ಬರುತ್ತದೆ ಅಂದ. ಬರುವುದಿಲ್ಲ. ಅವನನ್ನು ಒಪ್ಪದ ವಿಜ್ಞಾನಿಗಳು ಕೆಲಸ ಕಳೆದುಕೊಂಡರು. ಅವರಲ್ಲೊಬ್ಬರಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ 1943ರಲ್ಲಿ ಜೈಲಿನಲ್ಲೇ ತೀರಿಕೊಂಡರು. ತಪ್ಪು ವಿಜ್ಞಾನಕ್ಕೆ ಅಧಿಕಾರ ಸಿಕ್ಕಿದ್ದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾಡುವ ಕ್ರಮ ಸುಲಭ. ಟಿಶ್ಯೂ ಪೇಪರನ್ನು ನೆನೆಸಿ, ನೀರು ತೊಟ್ಟಿಕ್ಕದ ಹಾಗೆ ಹಿಂಡಿ, ಬೀಜ ಸುತ್ತಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. 1ರಿಂದ 5 ಡಿಗ್ರಿ ಸಾಕು. ಫ್ರೀಜರ್ ಬೇಡ, ನೆನೆದ ಬೀಜ ಹೆಪ್ಪುಗಟ್ಟಿ ಸಾಯಬಹುದು. ಸೇಬಿಗೆ ಎರಡು ಮೂರು ತಿಂಗಳು ಬೇಕು. ಟೊಮೆಟೊ, ಮೆಣಸಿನಕಾಯಿ ಬೀಜಕ್ಕೆ ಇದೆಲ್ಲ ಬೇಕಿಲ್ಲ, ಸುಮ್ನೆ ಕಾಯಿಸಬೇಡಿ. ಆಗಾಗ ತೆರೆದು ಬೂಷ್ಟು ಬಂದಿದೆಯಾ ನೋಡಿ.

ಎರಡನೇ ಸಲ ನಾನು ಹೀಗೆ ಇಟ್ಟ ಡಬ್ಬಿಯನ್ನು ಎಪ್ಪತ್ತು ದಿನದ ಮೇಲೆ ತೆರೆದೆ. ಕಂದು ಬೀಜದ ಚೂಪು ತುದಿ ಸೀಳಿಕೊಂಡು, ಅಕ್ಕಿನುಚ್ಚಿನಷ್ಟು ಬಿಳಿ ಬೇರು ಫ್ರಿಜ್ಜಿನೊಳಗೇ ಹೊರಟಿತ್ತು.